ರೋಸೆಟ್ ನೆಬ್ಯುಲಾದ ಮೇಲೆ ಬಿಳಿ ಮರಳು: ಹಳೇ ಕ್ಯಾಲಿಬ್ರೇಷನ್ ಸ್ಕ್ರಿಪ್ಟ್ ರಿಪೇರಿ ಮಾಡಿದ ಕಥೆ

ನಮ್ಮದು ಕೊಡಗಿನ ಸಿದ್ದಾಪುರದ ಹತ್ತಿರ ರೊಬಸ್ಟಾ ತೋಟ. ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಟೆಲಿಸ್ಕೋಪ್ ಇಟ್ಟು ಆಕಾಶದ ಫೋಟೋ ತೆಗೆಯಲು ಶುರು ಮಾಡಿ ಹತ್ತು ವರ್ಷ ದಾಟಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಆಕಾಶವೇ ಕಾಣುವುದಿಲ್ಲ. ನವೆಂಬರ್ ಕೊನೆಯಿಂದ, ಕಾಫಿ ಹೂ ಅರಳಿಸುವ ಹೂಮಳೆ ಬೀಳುವವರೆಗೆ ಏನು ಸಿಗುತ್ತದೋ ಅಷ್ಟೇ. ಆದರೆ ಆ ನಾಲ್ಕು ತಿಂಗಳ ಕತ್ತಲು ಬಹಳ ಒಳ್ಳೆಯ ಕತ್ತಲು.

ಕಳೆದ ಮಳೆಗಾಲದಲ್ಲಿ ತೇವ ಹಿಡಿದು ಹಳೇ ಲ್ಯಾಪ್‌ಟಾಪ್ ಹೋಯಿತು. ಹಾರ್ಡ್ ಡಿಸ್ಕ್ ಮಾತ್ರ ಉಳಿಯಿತು. ಅದರಲ್ಲಿದ್ದ ಫೈಲುಗಳನ್ನು ಹೊಸ ಲ್ಯಾಪ್‌ಟಾಪ್‌ಗೆ ಹಾಕಿಕೊಂಡೆ. ಅದರ ಜೊತೆ 2014ರಿಂದ ಬಳಸುತ್ತಿದ್ದ ಒಂದು ಸ್ಕ್ರಿಪ್ಟ್, ಅಂದರೆ ಸಣ್ಣ ಪ್ರೋಗ್ರಾಂ, ಕೂಡ ಬಂತು. ಬೆಂಗಳೂರಿನ ಗೆಳೆಯನೊಬ್ಬ ಬರೆದುಕೊಟ್ಟದ್ದು, ಸುಮಾರು 300 ಸಾಲು, ಪೈಥಾನ್ ಭಾಷೆಯ 2ನೇ ಆವೃತ್ತಿಯಲ್ಲಿ. ಪೈಥಾನ್ 2ಕ್ಕೆ 2020ರ ಜನವರಿ 1ಕ್ಕೇ ಬೆಂಬಲ ನಿಂತಿದೆ. ಹಳೇ ಲ್ಯಾಪ್‌ಟಾಪ್‌ನಲ್ಲಿ ಇಂಟರ್‌ನೆಟ್ ಇಲ್ಲದೆ, ಅಪ್‌ಡೇಟ್ ಇಲ್ಲದೆ ಅದು ನಡೆಯುತ್ತಲೇ ಇತ್ತು. ಹೊಸದರಲ್ಲಿ ಪೈಥಾನ್ 3 ಮಾತ್ರ. ಹಾಗಾಗಿ ಕೈ ಹಾಕಲೇಬೇಕಾಯಿತು.

ಈ ಸ್ಕ್ರಿಪ್ಟ್ ಮಾಡುವ ಕೆಲಸ, ಅಂದರೆ ಕ್ಯಾಲಿಬ್ರೇಷನ್, ಸರಳ. ಕ್ಯಾಮೆರಾದಿಂದ ಬಂದ ಪ್ರತಿ ಚಿತ್ರದಲ್ಲೂ ಆಕಾಶದ ಬೆಳಕಿನ ಜೊತೆ ಬೇರೆ ಎರಡು ವಿಷಯ ಸೇರಿರುತ್ತವೆ. ಒಂದು, ಸೆನ್ಸರ್ ತನ್ನಷ್ಟಕ್ಕೆ ಹುಟ್ಟಿಸುವ ಸಂಕೇತ. ಇನ್ನೊಂದು, ಲೆನ್ಸ್ ಅಂಚಿನ ಮಬ್ಬು ಮತ್ತು ಧೂಳಿನ ಕಲೆ. ಮೊದಲನೆಯದಕ್ಕೆ ಟೆಲಿಸ್ಕೋಪ್ ಬಾಯಿ ಮುಚ್ಚಿ ಅಷ್ಟೇ ಹೊತ್ತು, ಅಷ್ಟೇ ತಣ್ಣಗೆ ಚಿತ್ರ ತೆಗೆಯಬೇಕು. ಅದು ಡಾರ್ಕ್. ಎರಡನೆಯದಕ್ಕೆ ಸಮವಾಗಿ ಬೆಳಗಿದ ಬಿಳಿ ಮೇಲ್ಮೈಯನ್ನು ತೆಗೆಯಬೇಕು. ಅದು ಫ್ಲ್ಯಾಟ್. ನಿಜವಾದ ಚಿತ್ರ, ಅಂದರೆ ಲೈಟ್ ಫ್ರೇಮ್‌ನಿಂದ ಡಾರ್ಕ್ ಕಳೆದು, ಉಳಿದದ್ದನ್ನು ಫ್ಲ್ಯಾಟ್‌ನಿಂದ ಭಾಗಿಸಿದರೆ ಆಕಾಶ ಉಳಿಯುತ್ತದೆ. ನಮ್ಮ ಕಣದಲ್ಲಿ ಫ್ಲ್ಯಾಟ್ ಬಿಡುವ ಹಾಗೇ ಇಲ್ಲ. ಫೆಬ್ರವರಿಯಲ್ಲಿ ಕಾಫಿ ಒಣಗುತ್ತಿರುತ್ತದೆ. ಸಂಜೆ ಗುಡ್ಡೆ ಮಾಡಿ ಟಾರ್ಪಾಲ್ ಹೊದಿಸಿದರೂ ಧೂಳು ಗಾಳಿಯಲ್ಲೇ ಇರುತ್ತದೆ. ಬೆಳಗಿನ ಜಾವ ಅಪ್ಪನ ಬಿಳಿ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಕೊಳವೆಯ ಬಾಯಿಗೆ ಬಿಗಿದು, ಸೂರ್ಯ ಬರುವ ಮೊದಲು ಫ್ಲ್ಯಾಟ್ ತೆಗೆದುಕೊಳ್ಳುತ್ತೇನೆ. ಸುಕ್ಕು ಇರಬಾರದು, ಅಷ್ಟೇ.

"ಇದನ್ನೆಲ್ಲ ಸಿರಿಲ್ ಮಾಡುತ್ತದಲ್ಲ" ಎಂದು ಯಾರಾದರೂ ಕೇಳಬಹುದು. ಸಿರಿಲ್ ಅಂದರೆ ಆಕಾಶದ ಫೋಟೋ ಸಂಸ್ಕರಿಸುವ ಉಚಿತ ಪ್ರೋಗ್ರಾಂ. ಮಾಡುತ್ತದೆ, ಚೆನ್ನಾಗಿಯೇ ಮಾಡುತ್ತದೆ. ಚಿತ್ರಗಳನ್ನು ಜೋಡಿಸಿ ಸ್ಟ್ಯಾಕ್ ಮಾಡಲು, ಅಂದರೆ ಒಂದರ ಮೇಲೊಂದಿಟ್ಟು ಸರಾಸರಿ ತೆಗೆಯಲು, ನಾನೂ ಸಿರಿಲ್ ಬಳಸುತ್ತೇನೆ. ಆದರೆ ನನ್ನ ಡಾರ್ಕ್‌ಗಳು ಮೂರು ವರ್ಷದಿಂದ ಕೂಡಿಟ್ಟವು. ಯಾವ ಲೈಟ್‌ಗೆ ಯಾವ ಡಾರ್ಕ್ ಎಂದು ಈ ಸ್ಕ್ರಿಪ್ಟೇ ಫೈಲಿನ ಮೊದಲಲ್ಲಿರುವ ವಿವರ, ಅಂದರೆ ಹೆಡರ್, ಓದಿ ಹುಡುಕುತ್ತದೆ, ಏನು ಮಾಡಿದೆ ಎಂದು ಫೈಲಿನಲ್ಲಿ ಬರೆದಿಡುತ್ತದೆ. ಜೊತೆಗೆ, ಒಂದೊಂದು ಪಿಕ್ಸೆಲ್‌ಗೆ ಏನಾಗುತ್ತಿದೆ ಎಂದು ನನಗೆ ಗೊತ್ತಿರಬೇಕು ಅನ್ನುವ ಆಸೆ.

ಸುಲಭದ ಬದಲಾವಣೆಗಳು

ಇವು ಒಂದು ಮಧ್ಯಾಹ್ನದಲ್ಲಿ ಮುಗಿದವು. ಪ್ರಿಂಟ್ ಸಾಲುಗಳಿಗೆಲ್ಲ ಆವರಣ ಚಿಹ್ನೆ ಹಾಕಿದೆ. ಚಿತ್ರದ ಮಧ್ಯಭಾಗ ಕತ್ತರಿಸುವ ಕಡೆ ಅಗಲವನ್ನು 2ರಿಂದ ಭಾಗಿಸುತ್ತಿತ್ತು. ಪೈಥಾನ್ 2ರಲ್ಲಿ ಪೂರ್ಣಾಂಕ ಬರುತ್ತಿತ್ತು, 3ರಲ್ಲಿ ದಶಾಂಶ ಬಂದು ನಿಂತುಬಿಟ್ಟಿತು. ಎರಡು ಓರೆಗೆರೆ ಹಾಕಿದರೆ ಸರಿ. ಪೈಥಾನ್‌ನ ಲೆಕ್ಕದ ಲೈಬ್ರರಿ ನಂಪೈನಲ್ಲಿ ಎನ್‌ಪಿ ಡಾಟ್ ಫ್ಲೋಟ್ ಎಂಬ ಹೆಸರನ್ನು 1.24ರಲ್ಲಿ ತೆಗೆದುಹಾಕಿದ್ದಾರೆ, ಅದನ್ನು ಫ್ಲೋಟ್32 ಮಾಡಿದೆ. ಫೈಲಿನ ಮೇಲೆ ಫೈಲ್ ಬರೆಯಲು ಕ್ಲಾಬರ್ ಎಂದು ಕೊಡುತ್ತಿದ್ದೆವು, ಈಗ ಓವರ್‌ರೈಟ್ ಎನ್ನಬೇಕು.

ದೊಡ್ಡ ಬದಲಾವಣೆ ಒಂದೇ. ಹಳೇ ಸ್ಕ್ರಿಪ್ಟ್, ಆಕಾಶದ ಚಿತ್ರಗಳನ್ನು ಉಳಿಸುವ ಫಿಟ್ಸ್ ಎಂಬ ಬಗೆಯ ಫೈಲ್ ಓದಲು ಪೈಫಿಟ್ಸ್ ಬಳಸುತ್ತಿತ್ತು. ಹಬಲ್ ದೂರದರ್ಶಕದ ವಿಜ್ಞಾನ ಕೆಲಸ ನೋಡಿಕೊಳ್ಳುವ ಸಂಸ್ಥೆಯಲ್ಲಿ ಹುಟ್ಟಿದ ಲೈಬ್ರರಿ ಅದು. ಆಮೇಲೆ ಆಸ್ಟ್ರೋಪೈ ಎಂಬ ದೊಡ್ಡ ಖಗೋಳ ಲೈಬ್ರರಿಯ ಒಳಗೆ ಸೇರಿತು. ಹೆಸರು ಬದಲಾಯಿಸಿದರೆ ಸಾಕು, ಉಳಿದದ್ದೆಲ್ಲ ಹಾಗೇ ನಡೆಯುತ್ತದೆ ಎಂದು ಎಲ್ಲ ಕಡೆ ಓದಿದ್ದೆ. ಬದಲಾಯಿಸಿದೆ. ಸ್ಕ್ರಿಪ್ಟ್ ಒಂದೂ ದೂರು ಹೇಳದೆ ಕೊನೆವರೆಗೆ ಓಡಿತು.

ಅದೇ ರಾತ್ರಿ ಆಕಾಶ ತಿಳಿಯಾಗಿತ್ತು. ಫೆಬ್ರವರಿಯ ನಡುವೆ ರಾತ್ರಿ ಒಂಬತ್ತರ ಹೊತ್ತಿಗೆ ರೋಸೆಟ್ ನೆಬ್ಯುಲಾ ಎಂಬ ಅನಿಲ ಮೋಡ ನಮ್ಮ ನೆತ್ತಿಯ ಹತ್ತಿರ ಬರುತ್ತದೆ. 72 ಮಿ.ಮೀ. ಟೆಲಿಸ್ಕೋಪ್, ಹೈಡ್ರೋಜನ್ ಮತ್ತು ಆಕ್ಸಿಜನ್ ಬೆಳಕು ಮಾತ್ರ ಬಿಡುವ ಫಿಲ್ಟರ್, ಐಎಂಎಕ್ಸ್533 ಸೆನ್ಸರ್‌ನ ಕಲರ್ ಕ್ಯಾಮೆರಾ, ಮೈನಸ್ 10 ಡಿಗ್ರಿ. 120 ಸೆಕೆಂಡಿನ 40 ಫ್ರೇಮ್. ಎಲ್ಲವನ್ನೂ ಜಗಲಿಯಲ್ಲಿ ಕೂತೇ ನಡೆಸಿದೆ. ಆ ವಾರ ಪಕ್ಕದ ತೋಟದಲ್ಲಿ ಆನೆ ಇದೆ ಎಂದು ಸುದ್ದಿ ಇತ್ತು, ಕತ್ತಲಲ್ಲಿ ಕಣಕ್ಕೆ ಇಳಿಯುವ ಹಾಗಿರಲಿಲ್ಲ.

ಬಿಳಿ ಮರಳು

ಬೆಳಿಗ್ಗೆ ಸ್ಕ್ರಿಪ್ಟ್ ಓಡಿಸಿ ಒಂದು ಫ್ರೇಮ್ ತೆರೆದೆ. ಚಿತ್ರದ ತುಂಬ ಬಿಳಿ ಮರಳು ಎರಚಿದ ಹಾಗಿತ್ತು. ನಕ್ಷತ್ರದ ಸುತ್ತ ಕಡಿಮೆ, ನೆಬ್ಯುಲಾದ ಮೇಲೆ ಕಡಿಮೆ, ಖಾಲಿ ಆಕಾಶದಲ್ಲಿ ಜಾಸ್ತಿ. ಮೂಲ ಫ್ರೇಮ್ ತೆರೆದರೆ ಅಲ್ಲಿ ಇಂಥದ್ದೇನೂ ಇಲ್ಲ. ಅಂದರೆ ಇದು ಸ್ಕ್ರಿಪ್ಟ್ ಮಾಡಿದ ಕೆಲಸ.

ಹಿಸ್ಟೋಗ್ರಾಮ್, ಅಂದರೆ ಯಾವ ಬೆಲೆಯ ಪಿಕ್ಸೆಲ್ ಎಷ್ಟಿವೆ ಎಂಬ ನಕ್ಷೆ, ನೋಡಿದೆ. ಎಡ ತುದಿಯಲ್ಲಿ ಎಂದಿನ ಗುಡ್ಡ. ಬಲ ತುದಿಯಲ್ಲಿ, 65,500ರ ಆಸುಪಾಸಿನಲ್ಲಿ, ಇನ್ನೊಂದು ಸಣ್ಣ ದಿಬ್ಬ. ನಡುವೆ ಹೆಚ್ಚುಕಡಿಮೆ ಏನೂ ಇಲ್ಲ. 60,000ಕ್ಕಿಂತ ಮೇಲಿದ್ದ ಪಿಕ್ಸೆಲ್‌ಗಳನ್ನು ಎಣಿಸಿದೆ. 90 ಲಕ್ಷದಲ್ಲಿ ನಾಲ್ಕೂವರೆ ಲಕ್ಷದಷ್ಟು.

ಒಂದೇ ಒಂದು ಪಿಕ್ಸೆಲ್ ಹಿಡಿದುಕೊಂಡೆ. ಲೈಟ್‌ನಲ್ಲಿ ಅದರ ಬೆಲೆ 2808. ಮಾಸ್ಟರ್ ಡಾರ್ಕ್‌ನಲ್ಲಿ, ಅಂದರೆ ಹಲವು ಡಾರ್ಕ್ ಸೇರಿಸಿ ಮಾಡಿದ ಒಂದರಲ್ಲಿ, 2816. ಕಳೆದರೆ ಮೈನಸ್ 8 ಬರಬೇಕು. ಸ್ಕ್ರಿಪ್ಟ್ ಕೊಟ್ಟದ್ದು 65,528. 65,536ರಿಂದ 8 ಕಳೆದರೆ ಸರಿಯಾಗಿ ಅಷ್ಟೇ ಬರುತ್ತದೆ.

ಆಗ ವಿಷಯ ಅರ್ಥವಾಯಿತು. ಇದಕ್ಕೆ ಫಿಟ್ಸ್ ಫೈಲಿನ ಹೊಟ್ಟೆಯೊಳಗೆ ಸ್ವಲ್ಪ ನೋಡಬೇಕು. ಫಿಟ್ಸ್ ಪದ್ಧತಿ ಪ್ರಕಟವಾದದ್ದು 1981ರಲ್ಲಿ. ಮೇಲೆ ಹೆಡರ್, 80 ಅಕ್ಷರದ ಸಾಲುಗಳು, 36 ಸಾಲಿಗೆ ಒಂದು ಕಟ್ಟು, ಕಟ್ಟಿಗೆ 2880 ಬೈಟ್. ಕೆಳಗೆ ಅಂಕಿಗಳು. ಈ ಪದ್ಧತಿಯಲ್ಲಿ 16 ಬಿಟ್ ಅಂಕಿ ಅಂದರೆ ಮೈನಸ್ 32,768ರಿಂದ 32,767ರವರೆಗೆ. ಕ್ಯಾಮೆರಾ ಕೊಡುವುದು 0ಯಿಂದ 65,535. ಅದಕ್ಕಾಗಿ ಪ್ರತಿ ಅಂಕಿಯಿಂದ 32,768 ಕಳೆದು ಬರೆಯುತ್ತಾರೆ. ಹೆಡರ್‌ನಲ್ಲಿ ಬಿಝೀರೋ ಎಂಬ ಸಾಲಿನಲ್ಲಿ "ಓದುವಾಗ 32,768 ಕೂಡಿಸಿಕೊಳ್ಳಿ" ಎಂದು ಹೇಳಿರುತ್ತಾರೆ.

ಹಳೇ ಪೈಫಿಟ್ಸ್ ಈ ಸಾಲು ಕಂಡರೆ, ನಾವು ಬೇರೆ ಏನೂ ಹೇಳದಿದ್ದರೆ, ಅಂಕಿಗಳನ್ನು ದಶಾಂಶ ಸಂಖ್ಯೆಗಳಾಗಿ ಕೊಡುತ್ತಿತ್ತು. ಈಗಿನ ಆಸ್ಟ್ರೋಪೈ ಚಿಹ್ನೆ ಇಲ್ಲದ 16 ಬಿಟ್ ಪೂರ್ಣಾಂಕವಾಗಿ ಕೊಡುತ್ತದೆ. ಕ್ಯಾಮೆರಾ ಕೊಟ್ಟದ್ದೂ ಅದೇ ತಾನೇ, ಹಾಗಾಗಿ ಅದು ಸರಿಯಾದ ನಡೆಯೇ. ಆದರೆ ಆ ಬಗೆಯ ಅಂಕಿಗೆ ಮೈನಸ್ ಗೊತ್ತಿಲ್ಲ. ಸೊನ್ನೆಗಿಂತ ಕೆಳಗೆ ಇಳಿದರೆ ಹಳೇ ಗಾಡಿಯ ಕಿಲೋಮೀಟರ್ ಮೀಟರ್ ಹಿಂದಕ್ಕೆ ತಿರುಗಿದ ಹಾಗೆ ಮೇಲಿನ ತುದಿಗೆ ಹೋಗುತ್ತದೆ. ನಂಪೈ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಮಾಸ್ಟರ್ ಡಾರ್ಕ್ ದಶಾಂಶದಲ್ಲಿದ್ದಿದ್ದರೆ ಉತ್ತರವೂ ದಶಾಂಶದಲ್ಲೇ ಬರುತ್ತಿತ್ತು, ಏನೂ ಆಗುತ್ತಿರಲಿಲ್ಲ. ಆದರೆ ಡಿಸ್ಕ್ ಜಾಗ ಉಳಿಸಲು ನಾವು ಮಾಸ್ಟರ್‌ಗಳನ್ನೂ 16 ಬಿಟ್‌ನಲ್ಲೇ ಬರೆದಿಡುತ್ತಿದ್ದೆವು. ಫೈಲಿಗೆ 36 ಎಂಬಿ ಬದಲು 18 ಎಂಬಿ. ಎರಡೂ ಕಡೆ ಪೂರ್ಣಾಂಕ ಸಿಕ್ಕಿತು, ಕಳೆಯುವ ಲೆಕ್ಕ ಕೆಟ್ಟಿತು.

ಗೆಳೆಯನಿಗೆ ಫೋನ್ ಮಾಡಿದೆ. ಅವನೂ ಇದೇ ಸ್ಕ್ರಿಪ್ಟನ್ನು ಪೈಥಾನ್ 3ಕ್ಕೆ ತಂದುಕೊಂಡಿದ್ದ.

"ನನಗೇನೂ ತೊಂದರೆ ಆಗಿಲ್ಲ ಮಾರಾಯ. ಅದೇ ಸ್ಕ್ರಿಪ್ಟು, ಅದೇ ಕ್ಯಾಮೆರಾ. ಒಂದು ವರ್ಷದಿಂದ ಓಡಿಸ್ತಾ ಇದ್ದೀನಿ."

"ನಿನ್ನ ಒಂದು ಲೈಟ್ ಫ್ರೇಮ್ ಸರಾಸರಿ ಎಷ್ಟು, ನೋಡಿ ಹೇಳು."

"ಹನ್ನೊಂದು ಸಾವಿರದ ಚಿಲ್ಲರೆ."

"ನನ್ನದು ಎರಡು ಸಾವಿರದ ಎಂಟುನೂರ ಇಪ್ಪತ್ತಾರು. ಡಾರ್ಕ್ ಎರಡು ಸಾವಿರದ ಎಂಟುನೂರ ನಾಲ್ಕು."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಇಪ್ಪತ್ತೆರಡೇ ವ್ಯತ್ಯಾಸವಾ?" ಎಂದ.

ಹೌದು, ಇಪ್ಪತ್ತೆರಡೇ. ಬೆಂಗಳೂರಿನಲ್ಲಿ, ಫಿಲ್ಟರ್ ಹಾಕದೆ ತೆಗೆದರೆ, ಊರ ಬೆಳಕೇ ಡಾರ್ಕ್‌ಗಿಂತ ಎಂಟು ಸಾವಿರ ಮೇಲೆ ಇರುತ್ತದೆ. ಎಷ್ಟೇ ಗದ್ದಲ (ನಾಯ್ಸ್, ಅಂದರೆ ಬೆಲೆಯ ಏರುಪೇರು) ಇದ್ದರೂ ಪಿಕ್ಸೆಲ್ ಬೆಲೆ ಡಾರ್ಕ್‌ಗಿಂತ ಕೆಳಗೆ ಬೀಳುವುದಿಲ್ಲ. ಇಲ್ಲಿ, ಕತ್ತಲೆಯ ಆಕಾಶದಲ್ಲಿ, ಅದೂ ಆ ಫಿಲ್ಟರ್ ಹಾಕಿದಾಗ, ಆಕಾಶದ ಬೆಳಕು ಡಾರ್ಕ್‌ಗೆ ಅಂಟಿಕೊಂಡೇ ಇರುತ್ತದೆ. ಗದ್ದಲದಿಂದ ಆಚೀಚೆ ಆಗುವ ಪಿಕ್ಸೆಲ್‌ಗಳಲ್ಲಿ ಒಂದಷ್ಟು ಕೆಳಗೆ ಹೋಗಲೇಬೇಕು. ಅವನ ಆಕಾಶ ಬೆಳಕಾಗಿದ್ದದ್ದರಿಂದ ತಪ್ಪು ಕಾಣಲಿಲ್ಲ. ನನ್ನದು ಕಪ್ಪಾಗಿದ್ದದ್ದರಿಂದ ಕಂಡಿತು.

ಇದಕ್ಕಿಂತ ನನ್ನನ್ನು ಜಾಸ್ತಿ ಕಾಡಿದ್ದು ಬೇರೆ. ಆ ಮರಳು ತುಂಬಿದ 40 ಫ್ರೇಮ್‌ಗಳನ್ನು ಹಾಗೇ ಸಿರಿಲ್‌ಗೆ ಕೊಟ್ಟು ಸ್ಟ್ಯಾಕ್ ಮಾಡಿ ನೋಡಿದೆ. ಮರಳು ಬಹುಪಾಲು ಮಾಯ! ಸ್ಟ್ಯಾಕ್ ಮಾಡುವಾಗ ಗುಂಪಿಗೆ ಸೇರದ ಬೆಲೆಗಳನ್ನು ಬಿಸಾಡುವ ಲೆಕ್ಕ ಇರುತ್ತದಲ್ಲ, ವಿಮಾನದ ಗೆರೆ, ಉಪಗ್ರಹದ ಗೆರೆ ಹೋಗುವುದು ಅದರಿಂದಲೇ. 65,528 ಕೂಡ ಹಾಗೇ ಹೊರಗೆ ಹೋಗುತ್ತದೆ. ಚಿತ್ರ ಚೆನ್ನಾಗಿಯೇ ಕಾಣುತ್ತದೆ. ಆದರೆ ಹೊರಗೆ ಹೋದದ್ದು ಕೆಳಗಿನ ಬೆಲೆಗಳು ಮಾತ್ರ. ಉಳಿದವುಗಳ ಸರಾಸರಿ ಮೇಲಕ್ಕೆ ಸರಿಯುತ್ತದೆ. ಈ ಫಿಲ್ಟರ್‌ನಲ್ಲಿ ನೀಲಿ ಪಿಕ್ಸೆಲ್‌ಗಳಿಗೆ ಬೆಳಕು ತೀರಾ ಕಡಿಮೆ. ಅಲ್ಲಿ ಆಕಾಶ ಸರಾಸರಿ 8 ಇರಬೇಕಾದಲ್ಲಿ 10 ದಾಟಿತ್ತು. ಪ್ರಕಾಶಮಾನ ಜಾಗದಲ್ಲಿ ವ್ಯತ್ಯಾಸವೇ ಇಲ್ಲ. ಅಂದರೆ ರೋಸೆಟ್‌ನ ಹೊರ ಅಂಚು, ಮಬ್ಬು ಎಳೆಗಳು, ಯಾವುದಕ್ಕಾಗಿ ರಾತ್ರಿಯೆಲ್ಲ ಕಾಯುತ್ತೇವೋ ಅದೇ ಭಾಗ ಸುಳ್ಳಾಗುತ್ತದೆ. ಬಿಡಿ ಫ್ರೇಮ್ ತೆರೆದು ನೋಡದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಇದೇ ಕಾರಣಕ್ಕೆ, ಮೈನಸ್ ಬಂದದ್ದನ್ನೆಲ್ಲ ಸೊನ್ನೆ ಮಾಡಿಬಿಡುವ ಉಪಾಯವನ್ನೂ ನಾನು ಒಪ್ಪುವುದಿಲ್ಲ. ಮರಳು ಹೋಗುತ್ತದೆ, ಸರಾಸರಿ ಆಗಲೂ ಮೇಲಕ್ಕೆ ಸರಿಯುತ್ತದೆ. ಮೈನಸ್ 8 ತಪ್ಪು ಅಂಕಿಯಲ್ಲ. ಪಕ್ಕದ ಫ್ರೇಮ್‌ನಲ್ಲಿ ಅದೇ ಪಿಕ್ಸೆಲ್ ಪ್ಲಸ್ 20 ಬಂದಿರುತ್ತದೆ, ಎರಡೂ ಸೇರಿದರೇ ಸರಿಯಾದ ಸರಾಸರಿ.

ಹಾಗಾಗಿ ಹೀಗೆ ಮಾಡಿದೆ. ಫೈಲ್ ಓದಿದ ತಕ್ಷಣ, ಬೇರೆ ಯಾವ ಲೆಕ್ಕಕ್ಕೂ ಮೊದಲು, 32 ಬಿಟ್ ದಶಾಂಶಕ್ಕೆ ಬದಲಾಯಿಸುವುದು. ಮಾಸ್ಟರ್‌ಗಳನ್ನು 32 ಬಿಟ್‌ನಲ್ಲೇ ಉಳಿಸುವುದು, ಡಿಸ್ಕ್ ಈಗ ಅಗ್ಗ. ಕೊನೆಯ ಫ್ರೇಮನ್ನೂ 32 ಬಿಟ್‌ನಲ್ಲಿ, 65,535ರಿಂದ ಭಾಗಿಸಿ ಬರೆಯುವುದು. ಸಿರಿಲ್ ದಶಾಂಶ ಚಿತ್ರಗಳನ್ನು 0ಯಿಂದ 1ರ ಅಳತೆಯಲ್ಲೇ ಇಟ್ಟುಕೊಳ್ಳುತ್ತದೆ. ಮೈನಸ್ ಬಂದರೆ ಮೈನಸ್ ಆಗಿಯೇ ಇರಲಿ.

ಓದುವ ಕೆಲಸವನ್ನೆಲ್ಲ ಒಂದೇ ಫಂಕ್ಷನ್‌ಗೆ ತಂದೆ. ಮೊದಲು ಏಳು ಕಡೆ ಬೇರೆ ಬೇರೆಯಾಗಿ ಓದುತ್ತಿತ್ತು. ಏಳರಲ್ಲಿ ಒಂದನ್ನು ಮರೆತರೂ ಮತ್ತೆ ಅದೇ ತಪ್ಪು. ಜೊತೆಗೆ ಒಂದು ಸಣ್ಣ ಪರೀಕ್ಷೆ ಬರೆದೆ: ಆರು ಸಾಲು, ಆರು ಕಂಬದ ಲೈಟ್, ಎಲ್ಲ ಬೆಲೆ 2808. ಅಷ್ಟೇ ದೊಡ್ಡ ಡಾರ್ಕ್, ಎಲ್ಲ 2816. ಎರಡನ್ನೂ 16 ಬಿಟ್ ಫಿಟ್ಸ್ ಆಗಿ ಡಿಸ್ಕ್‌ಗೆ ಬರೆದು, ಮತ್ತೆ ಓದಿ, ಕಳೆದು, ಎಲ್ಲ ಕಡೆ ಮೈನಸ್ 8 ಇದೆಯಾ ಎಂದು ನೋಡುತ್ತದೆ. ಡಿಸ್ಕ್‌ಗೆ ಬರೆದು ಓದುವುದು ಮುಖ್ಯ. ತಪ್ಪು ಇದ್ದದ್ದೇ ಆ ದಾರಿಯಲ್ಲಿ.

ಕಪ್ಪು ಚುಕ್ಕೆಗಳು

ಮತ್ತೆ ಓಡಿಸಿದೆ. ಮರಳು ಹೋಯಿತು. ಹಿಸ್ಟೋಗ್ರಾಮ್‌ನಲ್ಲಿ ಒಂದೇ ಗುಡ್ಡ, ಸೊನ್ನೆಯ ಎರಡೂ ಬದಿಗೆ ಹರಡಿಕೊಂಡು. ನನಗೆ ಬಹಳ ಖುಷಿಯಾಯಿತು. ಆದರೆ ಚಿತ್ರವನ್ನು ನಾಲ್ಕು ಪಟ್ಟು ದೊಡ್ಡದು ಮಾಡಿ ನೋಡಿದರೆ ಅಲ್ಲಲ್ಲಿ ಒಂದೊಂದು ಕಪ್ಪು ಚುಕ್ಕೆ. ಜೊತೆಗೆ ಒಂದೊಂದು ಬಿಳಿ ಚುಕ್ಕೆ. ಬಿಳಿಯವು ಹಾಟ್ ಪಿಕ್ಸೆಲ್‌ಗಳು, ಬೆಳಕು ಬೀಳದಿದ್ದರೂ ಹೊಳೆಯುವಂಥವು. ಅವನ್ನು ತೆಗೆಯುವುದೇ ಡಾರ್ಕ್‌ನ ಕೆಲಸ, ಆದರೆ ಹೋಗಿರಲಿಲ್ಲ. ಕಪ್ಪು ಎಲ್ಲಿಂದ ಬಂತು?

ಒಂದು ಬಿಳಿ ಚುಕ್ಕೆಯ ಜಾಗ ಬರೆದುಕೊಂಡೆ. ಎಡದಿಂದ 1204, ಮೊದಲ ಸಾಲಿನಿಂದ 310. ಕಪ್ಪು ಚುಕ್ಕೆಗಳ ಪಟ್ಟಿಯಲ್ಲಿ ಹುಡುಕಿದೆ. ಎಡದಿಂದ 1204, ಸಾಲು 2697. ಚಿತ್ರದ ಎತ್ತರ 3008. ಸೊನ್ನೆಯಿಂದ ಎಣಿಸಿದರೆ ಕೊನೆಯ ಸಾಲು 3007. 310 ಮತ್ತು 2697 ಕೂಡಿಸಿದರೆ 3007. ಡಾರ್ಕ್ ತಲೆಕೆಳಗಾಗಿತ್ತು.

ಹೊಸ ಲ್ಯಾಪ್‌ಟಾಪ್ ಜೊತೆ ಕ್ಯಾಮೆರಾ ನಡೆಸುವ ಪ್ರೋಗ್ರಾಂ ಕೂಡ ಬದಲಾಗಿತ್ತು. ಫಿಟ್ಸ್‌ನಲ್ಲಿ ಮೊದಲ ಸಾಲನ್ನು ಚಿತ್ರದ ಕೆಳಗೆ ತೋರಿಸುವುದು ಹಳೇ ರೂಢಿ. ಕೆಲವು ಪ್ರೋಗ್ರಾಂಗಳು ಕ್ಯಾಮೆರಾ ಕೊಟ್ಟ ಹಾಗೆ ಮೇಲಿನಿಂದ ಬರೆಯುತ್ತವೆ. ಈ ಗೊಂದಲಕ್ಕಾಗಿಯೇ ಈಗ ರೋಆರ್ಡರ್ ಎಂಬ ಸಾಲನ್ನು ಹೆಡರ್‌ಗೆ ಸೇರಿಸುತ್ತಾರೆ. ಹೊಸ ಫೈಲುಗಳಲ್ಲಿ ಅದಿತ್ತು, ಟಾಪ್-ಡೌನ್ ಎಂದು. ಮೂರು ವರ್ಷದ ಡಾರ್ಕ್‌ಗಳಲ್ಲಿ ಆ ಸಾಲೇ ಇಲ್ಲ. ಈ ಸೆನ್ಸರ್‌ನಲ್ಲಿ ಮೂಲೆಯಿಂದ ಬೆಳಕು ಸೋರಿದಂಥ ಹೊಳಪು ಬರುವುದಿಲ್ಲ, ಹಾಗಾಗಿ ಡಾರ್ಕ್ ನೋಡಿದ ಕೂಡಲೇ ತಲೆಕೆಳಗು ಎಂದು ಹೇಳಲೂ ಆಗುವುದಿಲ್ಲ.

ಕಲರ್ ಕ್ಯಾಮೆರಾ ಇದ್ದವರಿಗೆ ಇದರಲ್ಲಿ ಇನ್ನೊಂದು ಅಪಾಯ ಇದೆ. ಪಿಕ್ಸೆಲ್‌ಗಳ ಮೇಲಿನ ಬಣ್ಣದ ಜೋಡಣೆ ಆರ್‌ಜಿಜಿಬಿ (ಕೆಂಪು, ಹಸಿರು, ಹಸಿರು, ನೀಲಿ) ಆಗಿದ್ದು, ಸಾಲುಗಳ ಸಂಖ್ಯೆ ಸಮ ಇದ್ದರೆ, ಮೇಲೆ ಕೆಳಗೆ ಮಾಡಿದಾಗ ಅದು ಜಿಬಿಆರ್‌ಜಿ ಆಗುತ್ತದೆ. ಫ್ಲ್ಯಾಟ್ ತಿರುಗಿಸಿದರೆ ಕೆಂಪು ಪಿಕ್ಸೆಲ್ಲನ್ನು ಹಸಿರಿನ ಬೆಲೆಯಿಂದ ಭಾಗಿಸಿದ ಹಾಗಾಗುತ್ತದೆ. ನನ್ನ ಫ್ಲ್ಯಾಟ್‌ಗಳು ಹೊಸ ಪ್ರೋಗ್ರಾಂನಲ್ಲೇ ತೆಗೆದವು, ಬಚಾವ್.

ಹಾಟ್ ಪಿಕ್ಸೆಲ್‌ಗಳು ಕೈಬೆರಳಿನ ಗುರುತಿನ ಹಾಗೆ. ಒಂದೊಂದು ಸೆನ್ಸರ್‌ಗೆ ಒಂದೊಂದು ವಿನ್ಯಾಸ. ಅದನ್ನೇ ಬಳಸಿಕೊಂಡೆ. ಸ್ಕ್ರಿಪ್ಟ್ ಈಗ ಮಾಸ್ಟರ್ ಡಾರ್ಕ್‌ನ ಅತಿ ಹೆಚ್ಚು ಬೆಳಗಿದ 500 ಪಿಕ್ಸೆಲ್‌ಗಳನ್ನು ತೆಗೆದುಕೊಳ್ಳುತ್ತದೆ. ಹೊಸ ಪ್ರೋಗ್ರಾಂನಲ್ಲಿ ತೆಗೆದ ಒಂದೇ ಒಂದು ಡಾರ್ಕ್‌ನಲ್ಲಿ ಅದೇ ಜಾಗಗಳು ಬೆಳಗಿವೆಯಾ ಎಂದು ಎಣಿಸುತ್ತದೆ. ಆಮೇಲೆ ತಲೆಕೆಳಗು ಮಾಡಿ ಎಣಿಸುತ್ತದೆ. ನೇರವಾಗಿ ಇಟ್ಟಾಗ 3 ಹೊಂದಿದವು. ತಿರುಗಿಸಿದಾಗ 463. ಇನ್ನು ಅನುಮಾನಕ್ಕೆ ಜಾಗ ಎಲ್ಲಿ? ಎಲ್ಲ ಹಳೇ ಡಾರ್ಕ್‌ಗಳನ್ನೂ ತಿರುಗಿಸಿ, ರೋಆರ್ಡರ್ ಸಾಲು ಸೇರಿಸಿ, ಬೇರೆ ಫೋಲ್ಡರ್‌ನಲ್ಲಿ ಬರೆದೆ. ಮೂಲ ಫೈಲುಗಳನ್ನು ಮುಟ್ಟಿಲ್ಲ. ಇನ್ನು ಮೇಲೆ ರೋಆರ್ಡರ್ ಇಲ್ಲದ ಫೈಲ್ ಸಿಕ್ಕರೆ ಸ್ಕ್ರಿಪ್ಟ್ ಊಹೆ ಮಾಡುವುದಿಲ್ಲ, ನಿಂತು ಕೇಳುತ್ತದೆ.

ಉಳಿದ ಎರಡು ಚೂರು ಕೆಲಸ

ಹೆಡರ್‌ನಲ್ಲಿ ತಾಪಮಾನ ಹುಡುಕುವ ಕಡೆ ಹಳೇ ಸ್ಕ್ರಿಪ್ಟ್ ಅಕ್ಷರಕ್ಕೆ ಅಕ್ಷರ ಹೋಲಿಸುತ್ತಿತ್ತು. ಲೈಟ್‌ನಲ್ಲಿ ಮೈನಸ್ 9.9, ಡಾರ್ಕ್‌ನಲ್ಲಿ ಮೈನಸ್ 10.0 ಇದ್ದರೆ ಡಾರ್ಕ್ ಸಿಗಲಿಲ್ಲ ಎನ್ನುತ್ತಿತ್ತು. ಈಗ ಅರ್ಧ ಡಿಗ್ರಿ ಆಚೀಚೆ ಬಿಟ್ಟಿದ್ದೇನೆ. ಅದಕ್ಕಿಂತ ಜಾಸ್ತಿ ಬಿಡಲು ಮನಸ್ಸಿಲ್ಲ. ಸುಮಾರು 6 ಡಿಗ್ರಿ ಏರಿದರೆ ಸೆನ್ಸರ್ ತನ್ನಷ್ಟಕ್ಕೆ ಹುಟ್ಟಿಸುವ ಸಂಕೇತ, ಅಂದರೆ ಡಾರ್ಕ್ ಕರೆಂಟ್, ಎರಡರಷ್ಟಾಗುತ್ತದೆ. ಎಕ್ಸ್‌ಪೋಷರ್, ಗೇನ್, ಆಫ್‌ಸೆಟ್, ಕ್ಯಾಮೆರಾದ ಈ ಮೂರು ಸೆಟ್ಟಿಂಗ್‌ಗಳು ಮಾತ್ರ ಕಟ್ಟುನಿಟ್ಟಾಗಿ ಹೊಂದಲೇಬೇಕು.

ಇನ್ನೊಂದು, ಮೆಮೊರಿ. 40 ಡಾರ್ಕ್‌ಗಳನ್ನು 32 ಬಿಟ್‌ನಲ್ಲಿ ಒಟ್ಟಿಗೆ ತೆರೆದರೆ ಒಂದೂವರೆ ಜಿಬಿ ಹತ್ತಿರ ಆಗುತ್ತದೆ, ಮೀಡಿಯನ್ (ನಡುವಿನ ಬೆಲೆ) ಲೆಕ್ಕಕ್ಕೆ ಅಷ್ಟೇ ಮತ್ತೊಮ್ಮೆ ಬೇಕು. ಲ್ಯಾಪ್‌ಟಾಪ್ ಏದುಸಿರು ಬಿಡುತ್ತಿತ್ತು. ಆಸ್ಟ್ರೋಪೈನಲ್ಲಿ ಸೆಕ್ಷನ್ ಎಂಬುದಿದೆ, ಫೈಲಿನಿಂದ ಬೇಕಾದ ಸಾಲುಗಳನ್ನು ಮಾತ್ರ ಓದುತ್ತದೆ. ಒಂದು ಸಲಕ್ಕೆ 188 ಸಾಲು ತೆಗೆದುಕೊಂಡೆ. 16 ಸಲಕ್ಕೆ 3008 ಸರಿಯಾಗಿ ಮುಗಿಯುತ್ತದೆ. ಪ್ರತಿ ಸಲಕ್ಕೆ 90 ಎಂಬಿ ಸಾಕು.

ಈಗಿನ ಸ್ಥಿತಿ

ರೋಸೆಟ್‌ನ 40 ಫ್ರೇಮ್ ಮತ್ತೆ ಸ್ಟ್ಯಾಕ್ ಆಗಿವೆ. ಬಿಡಿ ಫ್ರೇಮ್‌ನಲ್ಲಿ ಬಿಳಿ ಮರಳಿಲ್ಲ, ಕಪ್ಪು ಚುಕ್ಕೆ ಇಲ್ಲ. ನೀಲಿ ಪಿಕ್ಸೆಲ್‌ಗಳ ಆಕಾಶ ಸರಾಸರಿ 8ಕ್ಕೆ ಬಂದು ನಿಂತಿದೆ. ಹಳೇ ಸ್ಟ್ಯಾಕ್‌ನಲ್ಲಿ ಬೂದು ಬಣ್ಣದಲ್ಲಿ ಕಲಸಿಹೋಗಿದ್ದ ಬಲಗಡೆಯ ತೆಳು ಎಳೆಯೊಂದು ಈಗ ಆಕಾಶದಿಂದ ಬೇರೆಯಾಗಿ ಕಾಣುತ್ತಿದೆ. ಅಪ್ಪನನ್ನು ಕರೆದು ತೋರಿಸಿದೆ. ಕನ್ನಡಕ ಏರಿಸಿಕೊಂಡು ಸ್ವಲ್ಪ ಹೊತ್ತು ನೋಡಿದರು. "ಇದು ನಮ್ಮ ಕಣದ ಮೇಲಿರೋದಾ?" ಎಂದು ಕೇಳಿದರು.

ಗೆಳೆಯನಿಗೆ ಹೊಸ ಸ್ಕ್ರಿಪ್ಟ್ ಕಳಿಸಿದ್ದೇನೆ. ಅವನು ಹೋದ ಡಿಸೆಂಬರ್‌ನಲ್ಲಿ ನಮ್ಮ ಮನೆಗೆ ಬಂದಾಗ ಇದೇ ಕಣದಿಂದ ತೆಗೆದ ಕುದುರೆತಲೆ ನೆಬ್ಯುಲಾದ ಫ್ರೇಮ್‌ಗಳು ಇವೆ, ಅವನ್ನು ಹಳೇ ತಪ್ಪಿನ ಜೊತೆಗೇ ಸ್ಟ್ಯಾಕ್ ಮಾಡಿದ್ದ. ಈ ವಾರ ಅವನ್ನು ಮೊದಲಿನಿಂದ ಮಾಡುತ್ತಾನೆ. ನನ್ನ ಕಡೆ ಹೊಸ ಪ್ರೋಗ್ರಾಂನಲ್ಲಿ 300 ಸೆಕೆಂಡಿನ ಡಾರ್ಕ್ ತೆಗೆಯುವುದು ಬಾಕಿ. ತೋಟಕ್ಕೆ ಸ್ಪ್ರಿಂಕ್ಲರ್ ನೀರು ಹಾಯಿಸುವುದು ಶುರುವಾಗಿದೆ, ಪಂಪ್ ರಾತ್ರಿಯಿಡೀ ಓಡುತ್ತದೆ, ಕಣದ ಸುತ್ತ ಗಾಳಿಯೆಲ್ಲ ನೀರು. ಟೆಲಿಸ್ಕೋಪ್ ಮುಚ್ಚಿಟ್ಟು ಕ್ಯಾಮೆರಾ ಒಂದನ್ನೇ ಜಗಲಿಗೆ ತಂದು, ಮೇಲೆ ಕಪ್ಪು ಬಟ್ಟೆ ಸುತ್ತಿ, ಇವತ್ತು ರಾತ್ರಿ ಅದೇ ಕೆಲಸ.